ಟ್ರಂಕಿನ ಹಳೇ ಸೀರೆ, ನುಸಿ ಗುಳಿಗೆ ವಾಸನೆ: ಕೂಸಿಗೆ ಹೊದಿಸಬಹುದಾ?

ತಿಪಟೂರು_ಕೊಬ್ಬರಿ

ಎಲ್ಲರಿಗೂ ನಮಸ್ಕಾರ. ನನಗೀಗ ಎಂಟನೇ ತಿಂಗಳು, ಸೀಮಂತ ಮುಗಿಸಿಕೊಂಡು ತವರಿಗೆ ಬಂದಿದ್ದೇನೆ. ನಿನ್ನೆ ಅಮ್ಮ ಅಟ್ಟದ ಮೇಲಿಂದ ಟ್ರಂಕು ಇಳಿಸಿ ಅಜ್ಜಿಯ ಹಳೇ ಹತ್ತಿ ಸೀರೆ, ನಾನು ಕೂಸಾಗಿದ್ದಾಗ ಹಾಕಿದ್ದ ಕುಲಾವಿ, ಎರಡು ಉಣ್ಣೆ ಸ್ವೆಟರು ಎಲ್ಲಾ ಹೊರಗೆ ತೆಗೆದರು. ಬೀಗ ತೆಗೆದಿದ್ದೇ ತಡ, ನಡುಮನೆ ತುಂಬ ನುಸಿ ಗುಳಿಗೆ ವಾಸನೆ. ಆದರೆ ಗುಳಿಗೆ ಹುಡುಕಿದರೆ ಒಂದೂ ಇಲ್ಲ. ಕಟ್ಟಿಟ್ಟಿದ್ದ ಬಟ್ಟೆ ಗಂಟು ಖಾಲಿ, ಎಲ್ಲ ಕರಗಿ ಹೋಗಿದೆ.

ಸೀರೆ ಹರಿದು ಕೂಸಿಗೆ ಲಂಗೋಟಿ, ಹಾಸುವ ಬಟ್ಟೆ ಮಾಡಬೇಕು ಅಂತ ಅಮ್ಮನ ಯೋಚನೆ. ಹಳೇ ಹತ್ತಿ ಬಟ್ಟೆಯಷ್ಟು ಮೆತ್ತಗೆ ಯಾವುದೂ ಇರುವುದಿಲ್ಲ ಅನ್ನೋದು ನಿಜವೇ. ನಮ್ಮ ಅತ್ತಿಗೆ ಮಾತ್ರ ಫೋನಿನಲ್ಲಿ ಕೇಳಿದವರೇ ‘ಬೇಡವೇ ಬೇಡ, ಮಗುವಿಗೆ ಕಾಮಾಲೆ ಬರುತ್ತೆ’ ಅಂದರು. ‘ನಿನ್ನನ್ನೂ ಇದೇ ಬಟ್ಟೆಯಲ್ಲಿ ಸುತ್ತಿದ್ದು, ನಿನಗೇನಾಯ್ತು’ ಅಂತ ಅಮ್ಮ ಮುಖ ಊದಿಸಿಕೊಂಡಿದ್ದಾರೆ. ಯಾರದು ಸರಿ? ಒಗೆದು ಹಾಕಿದರೆ ಆಗಲ್ವಾ?

ಬೆಳಗಾವಿ_ಕುಂದಾ

ಸುಮ್ನೆ ಹೆದರಬೇಡಿ ಅಕ್ಕ. ನಮ್ಮ ಕಡೆ ಇದಕ್ಕೆ ಡಾಂಬರ್ ಗುಳಿಗೆ ಅಂತಾರೆ, ಪ್ರತಿ ಮನೆಯ ಟ್ರಂಕಿನಲ್ಲೂ ಇತ್ತು, ನಾವೆಲ್ಲ ಅದರಲ್ಲೇ ಬೆಳೆದವರು. ನನಗಂತೂ ಆ ವಾಸನೆ ಬಂದರೆ ಮೊದಲು ನೆನಪಾಗೋದು ಮದುವೆ ಮನೆ, ಅಜ್ಜಿ ಇಳಕಲ್ ಸೀರೆ ಬಿಚ್ಚಿ ಕೊಡವುತ್ತಿದ್ದದ್ದು. ಈಗ ಎಲ್ಲದಕ್ಕೂ ಕೆಮಿಕಲ್ ಕೆಮಿಕಲ್ ಅಂತ ಹೆದರಿಸುವುದು ಜಾಸ್ತಿ ಆಗಿದೆ.

ರಸಾಯನ_ಮೇಷ್ಟ್ರು

ಕುಂದಾ ಅವರೇ, ನೀವು ಹೇಳಿದ ಹೆಸರಿನಲ್ಲೇ ಅದರ ಊರು ಇದೆ. ಡಾಂಬರ್ ಗುಳಿಗೆ ಅನ್ನೋದು ಅಡ್ಡಹೆಸರಲ್ಲ. ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿದಾಗ ಬರುವ ಕರಿ ಡಾಂಬರಿನಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ನಾಫ್ತಲಿನ್, ಅಂದರೆ ಈ ನುಸಿ ಗುಳಿಗೆಯ ಪದಾರ್ಥ. 1820ರ ಆಸುಪಾಸಿನಲ್ಲಿ ಇಂಗ್ಲೆಂಡಿನಲ್ಲಿ ಡಾಂಬರಿನಿಂದಲೇ ಇದನ್ನು ಮೊದಲು ಬೇರೆ ಮಾಡಿದ್ದು, ಜಾನ್ ಕಿಡ್ ಅನ್ನುವವರು ಹೆಸರಿಟ್ಟಿದ್ದು.

ತಿಪಟೂರಿನ ತಾಯಿ, ‘ಕರಗಿ ಹೋಗಿದೆ’ ಅಂದಿರಲ್ಲ, ನಿಮ್ಮ ಪ್ರಶ್ನೆಯ ಮುಖ್ಯ ಜಾಗ ಅದೇ. ಅದು ಕರಗಿಲ್ಲ. ನಾಫ್ತಲಿನ್ ಕರಗಬೇಕಾದರೆ 80 ಡಿಗ್ರಿ ಬಿಸಿ ಬೇಕು. ನಿಮ್ಮ ಅಟ್ಟ ಎಷ್ಟೇ ಕಾದರೂ ಅಷ್ಟು ಕಾಯುವುದಿಲ್ಲ. ಅದು ಗಟ್ಟಿ ರೂಪದಿಂದ ನೇರ ಆವಿಯಾಗುತ್ತದೆ, ನಡುವೆ ನೀರಾಗುವುದೇ ಇಲ್ಲ. ಇದಕ್ಕೆ ಪುಸ್ತಕದಲ್ಲಿ ಉತ್ಪತನ ಅಂತಾರೆ, ಪೂಜೆಯ ಕರ್ಪೂರ ಡಬ್ಬಿಯಲ್ಲಿ ತಾನಾಗೇ ಸವೆಯುವುದೂ ಇದೇ ಕಾರಣಕ್ಕೆ. ಬೀಗ ಹಾಕಿದ ಟ್ರಂಕಿನಲ್ಲಿ ಆ ಆವಿ ಎಲ್ಲಿಗೆ ಹೋಗಬೇಕು ಹೇಳಿ? ಒಂದಿಷ್ಟು ಸಂದಿಯಲ್ಲಿ ಹೊರಗೆ ಹೋಗುತ್ತದೆ, ಒಂದಿಷ್ಟು ಬಟ್ಟೆಯ ನೂಲಿನೊಳಗೆ ಕೂರುತ್ತದೆ. ಅಂದರೆ ಗುಳಿಗೆ ಕಾಣೆಯಾಗಿಲ್ಲ, ಸೀರೆಯಾಗಿದೆ. ನಿಮಗೆ ಬಂದ ವಾಸನೆ ನಾಫ್ತಲಿನ್ನಿನ ನೆನಪಲ್ಲ, ನಾಫ್ತಲಿನ್ನೇ.

ಮಕ್ಕಳ_ವಾರ್ಡ್

ನಾನು ಮಕ್ಕಳ ಡಾಕ್ಟರು. ನಿಮ್ಮ ಅತ್ತಿಗೆ ಹೇಳಿದ್ದು ಸರಿ. ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಅವರು ಹೇಳಿದ್ದೂ ಸುಳ್ಳಲ್ಲ. ಬಹಳ ಮಕ್ಕಳಿಗೆ ಏನೂ ಆಗಿಲ್ಲ. ಆದರೆ ಕೆಲವರಿಗೆ ಆಗುತ್ತದೆ, ಆದಾಗ ದೊಡ್ಡದೇ ಆಗುತ್ತದೆ, ಆ ಕೆಲವರು ಯಾರು ಅಂತ ಮುಂಚೆ ಗೊತ್ತಿರುವುದಿಲ್ಲ. ನಾವು ಹೆದರುವುದು ಇಷ್ಟಕ್ಕೇ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಫ್ತಲಿನ್ ಉಸಿರಿನಲ್ಲಿ, ಚರ್ಮದಲ್ಲಿ, ಬಾಯಲ್ಲಿ ಹೇಗೆ ಒಳಗೆ ಹೋದರೂ ಮೈಯಲ್ಲಿ ಬೇರೆ ರೂಪಕ್ಕೆ ತಿರುಗುತ್ತದೆ. ಆ ರೂಪಗಳು ಕೆಂಪು ರಕ್ತಕಣಗಳ ಮೇಲೆ ಬೀಳುತ್ತವೆ. ಕಣಗಳು ತಮ್ಮನ್ನು ಕಾಪಾಡಿಕೊಳ್ಳಲು ಜಿ6ಪಿಡಿ ಅನ್ನುವ ಕಿಣ್ವವನ್ನು ನಂಬಿಕೊಂಡಿರುತ್ತವೆ. ಕೆಲವರಿಗೆ ಹುಟ್ಟಿನಿಂದಲೇ ಈ ಕಿಣ್ವ ಕಡಿಮೆ. ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಗಂಡುಮಕ್ಕಳಲ್ಲಿ ಜಾಸ್ತಿ ಕಾಣುತ್ತದೆ. ಅಂಥ ಕೂಸಿಗೆ ನಾಫ್ತಲಿನ್ ತಾಗಿದರೆ ರಕ್ತಕಣಗಳು ಸಾಲಾಗಿ ಒಡೆಯುತ್ತವೆ. ಒಡೆದ ಕಣದಿಂದ ಬರುವ ಹಳದಿ ಪದಾರ್ಥವನ್ನು ಹೊರಹಾಕಬೇಕಾದ್ದು ಲಿವರ್. ನಾಲ್ಕು ದಿನದ ಕೂಸಿನ ಲಿವರ್ ಇನ್ನೂ ಕೆಲಸ ಕಲಿಯುತ್ತಿರುತ್ತದೆ. ಕಾಮಾಲೆ ಒಂದೇ ದಿನದಲ್ಲಿ ಏರಬಹುದು, ಬಹಳ ಏರಿದರೆ ಮಿದುಳಿಗೆ ಹತ್ತುತ್ತದೆ, ಹಾಗೆ ಹತ್ತಿದ ಪೆಟ್ಟು ಆಮೇಲೆ ವಾಸಿಯಾಗುವುದಿಲ್ಲ.

1963ರಲ್ಲಿ ಗ್ರೀಸ್‌ನ ಡಾಕ್ಟರುಗಳು ಇಂಥ 21 ಕೂಸುಗಳ ಬಗ್ಗೆ ಬರೆದಿದ್ದರು. ಬಹುತೇಕ ಕೂಸುಗಳು ಗುಳಿಗೆ ಮುಟ್ಟಿರಲಿಲ್ಲ, ನೆಕ್ಕಿರಲಿಲ್ಲ, ಮನೆಯಲ್ಲಿದ್ದ ಬಟ್ಟೆ ಕಂಬಳಿಯ ಆವಿಯನ್ನು ಉಸಿರಾಡಿದ್ದವು, ಅಷ್ಟೇ. ಎರಡು ಕೂಸು ಉಳಿಯಲಿಲ್ಲ. ಕಿಣ್ವ ಸರಿ ಇದ್ದ ಕೂಸುಗಳೂ ಆ ಗುಂಪಿನಲ್ಲಿದ್ದವು, ಹಾಗಾಗಿ ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಅನ್ನುವ ಧೈರ್ಯ ಬೇಡ.

ಇನ್ನೊಂದು ಮಾತು, ಇದು ನಮ್ಮ ಕಡೆಯ ಬಾಣಂತನಕ್ಕೆ ನೇರ ಸಂಬಂಧಪಟ್ಟಿದ್ದು. ನಾವು ಕೂಸಿಗೆ ಎಣ್ಣೆ ಹಚ್ಚಿ ತಿಕ್ಕಿ ಎರೆಯುತ್ತೇವೆ ಅಲ್ವಾ. ನಾಫ್ತಲಿನ್‌ಗೆ ನೀರು ಕಂಡರೆ ಆಗದು, ಎಣ್ಣೆ ಕಂಡರೆ ಪ್ರೀತಿ. ಎಣ್ಣೆ ಮೈಗೆ ಆ ಬಟ್ಟೆ ಸುತ್ತಿದರೆ ಚರ್ಮದೊಳಗೆ ಇಳಿಯುವುದು ಇನ್ನೂ ಸುಲಭ.

ತಿಪಟೂರು_ಕೊಬ್ಬರಿ

ಡಾಕ್ಟ್ರೇ, ಓದಿ ಕೈಕಾಲು ತಣ್ಣಗಾಯಿತು. ನಿಮ್ಮ ಮಾತನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. ಎಣ್ಣೆಯ ವಿಷಯ ಬಂದಾಗ ಮಾತ್ರ ಸುಮ್ಮನಾದರು. ಆಮೇಲೆ ‘ಮೂರು ಸಲ ಸೋಪು ಹಾಕಿ ಬಿಸಿನೀರಿನಲ್ಲಿ ಒಗೆದರೆ?’ ಅಂದರು. ಈಗ ಅದೊಂದು ಹೇಳಿಬಿಡಿ.

ರಸಾಯನ_ಮೇಷ್ಟ್ರು

ಒಗೆಯುವುದು ಈ ವಿಷಯದಲ್ಲಿ ಬಹಳ ಬಡಪಾಯಿ ಉಪಾಯ. ಒಂದು ಲೀಟರ್ ನೀರಿನಲ್ಲಿ ನಾಫ್ತಲಿನ್ ಕರಗುವುದು ಸುಮಾರು 30 ಮಿಲಿಗ್ರಾಂ ಅಷ್ಟೇ. ನಾಲ್ಕು ಗ್ರಾಮಿನ ಒಂದು ಗುಳಿಗೆಯನ್ನು ಪೂರ್ತಿ ಕರಗಿಸಬೇಕಾದರೆ ನೂರಿಪ್ಪತ್ತು ಲೀಟರಿಗೂ ಜಾಸ್ತಿ ನೀರು ಬೇಕು. ಸೋಪು ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ಪೂರ್ತಿ ತೆಗೆಯುವುದಿಲ್ಲ. ಅದು ಬಂದ ದಾರಿಯಲ್ಲೇ ಹೋಗಬೇಕು, ಅಂದರೆ ಆವಿಯಾಗಿ. ಬಿಸಿಲು, ಗಾಳಿ, ದಿನಗಟ್ಟಲೆ. ಮಡಿಸಿ ಇಡದೆ ತಂತಿಯ ಮೇಲೆ ಅಗಲವಾಗಿ ಹರಡಿ, ದಿನಾ ಮಗ್ಗುಲು ಬದಲಿಸಿ. ಆಮೇಲೆ ಒಗೆಯಿರಿ. ನೀವು ದೊಡ್ಡವರು ಉಡುವುದಕ್ಕೆ ಇಷ್ಟು ಸಾಕು. ಕೂಸಿಗೆ ನನ್ನ ಕೇಳಿದರೆ ಹೊಸ ಬಟ್ಟೆಯೇ. ಐದು ಮೀಟರ್ ಮಲ್ ಬಟ್ಟೆ ತಂದು ನಾಲ್ಕು ಸಲ ಒಗೆದರೆ ಅದೂ ಮೆತ್ತಗಾಗುತ್ತದೆ.

ಮಕ್ಕಳ_ವಾರ್ಡ್

ಮೇಷ್ಟ್ರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಜೊತೆಗೆ ಟ್ರಂಕಿನ ಕೆಲಸ ನೀವು ಮಾಡಬೇಡಿ, ಬೇರೆ ಯಾರಾದರೂ ಮಾಡಲಿ. ನಾಚಿಕೆ ಬಿಟ್ಟು ಇನ್ನೊಂದು ಕೇಳುತ್ತೇನೆ. ಬಸುರಿಯಲ್ಲಿ ಕೆಲವರಿಗೆ ಮಣ್ಣು, ಬಳಪ ತಿನ್ನುವ ಬಯಕೆ ಬರುವ ಹಾಗೆ ನುಸಿ ಗುಳಿಗೆಯನ್ನು ಮೂಸುವ, ನೆಕ್ಕುವ ಬಯಕೆಯೂ ಬರುತ್ತದೆ. ಇದು ಎಲ್ಲೋ ಅಪರೂಪದ ಕಥೆಯಲ್ಲ, ವೈದ್ಯಕೀಯದಲ್ಲಿ ದಾಖಲಾಗಿರುವ ವಿಷಯ. ಹಾಗೇನಾದರೂ ಇದ್ದರೆ ನಿಮ್ಮ ಡಾಕ್ಟರಿಗೆ ಹೇಳಿ, ರಕ್ತ ಕಡಿಮೆ ಇರುವವರಲ್ಲಿ ಇಂಥ ಬಯಕೆ ಹೆಚ್ಚು. ತಾಯಿ ನುಂಗಿದ್ದು ಹೊಟ್ಟೆಯೊಳಗಿನ ಕೂಸಿಗೂ ಮುಟ್ಟುತ್ತದೆ.

ತಿಪಟೂರು_ಕೊಬ್ಬರಿ

ಅಯ್ಯೋ ಇಲ್ಲ ಡಾಕ್ಟ್ರೇ, ನನಗೆ ಬಯಕೆ ಹುಣಸೆಹಣ್ಣಿನದು ಮಾತ್ರ.

ಕುಡ್ಲ_ಬಂಗುಡೆ

ಜಿ6ಪಿಡಿ ಅಂತ ಓದಿ ಬರೆಯದೆ ಇರಲು ಆಗಲಿಲ್ಲ. ನಮ್ಮ ಮಂಗಳೂರಿನಲ್ಲಿ ಮಲೇರಿಯಾ ಅಂದರೆ ನೆಂಟರ ಹಾಗೆ, ಬರುವುದು ಹೋಗುವುದು ಇದ್ದದ್ದೇ. ನನ್ನ ತಮ್ಮನಿಗೆ ಮಲೇರಿಯಾ ಬಂದು ಪ್ರೈಮಾಕ್ವಿನ್ ಮಾತ್ರೆ ಶುರು ಮಾಡಿದರು, ಹದಿನಾಲ್ಕು ದಿನದ ಕೋರ್ಸ್. ಮೂರನೇ ದಿನ ಮೂತ್ರ ನೋಡಿದರೆ ಕಾಫಿ ಡಿಕಾಕ್ಷನ್ ಬಣ್ಣ. ಕಣ್ಣು ಹಳದಿ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಆಗ ಪರೀಕ್ಷೆ ಮಾಡಿದ ಮೇಲೆ ಗೊತ್ತಾಯಿತು ಅವನಿಗೆ ಈ ಕಿಣ್ವ ಕಡಿಮೆ ಅಂತ. ಇಪ್ಪತ್ತಾರು ವರ್ಷ ಯಾರಿಗೂ ಗೊತ್ತಿರಲಿಲ್ಲ ನೋಡಿ.

ಡಿಸ್ಚಾರ್ಜ್ ಮಾಡುವಾಗ ಒಂದು ಚೀಟಿ ಕೊಟ್ಟರು, ಏನೇನು ಮುಟ್ಟಬಾರದು ಅಂತ. ಡ್ಯಾಪ್ಸೋನ್, ನೈಟ್ರೋಫ್ಯುರಾಂಟೋಯಿನ್ ಅಂತೆಲ್ಲ ಮಾತ್ರೆಗಳ ಹೆಸರು. ಅದರ ನಡುವೆ ನುಸಿ ಗುಳಿಗೆ! ನಾವೆಲ್ಲ ನಕ್ಕೆವು, ಅದನ್ನು ಯಾರು ತಿನ್ನುತ್ತಾರೆ ಅಂತ. ತಿನ್ನಬೇಕಾಗಿಲ್ಲ ಅಂತ ಈಗ ಅರ್ಥ ಆಗುತ್ತಿದೆ. ಚೀಟಿಯಲ್ಲಿ ಮದರಂಗಿಯೂ ಇತ್ತು, ಅದು ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ.

ರಸಾಯನ_ಮೇಷ್ಟ್ರು

ಒಳ್ಳೆ ಪ್ರಶ್ನೆ. ನಾಫ್ತಲಿನ್ ಅಣು ಅಂದರೆ ಜೇನುಗೂಡಿನ ಎರಡು ಕೋಣೆ ಪಕ್ಕಪಕ್ಕ ಅಂಟಿದ ಹಾಗೆ. ಹತ್ತು ಕಾರ್ಬನ್, ಎಂಟು ಹೈಡ್ರೋಜನ್. ಮದರಂಗಿಯಲ್ಲಿ ಬಣ್ಣ ಕೊಡುವ ಲಾಸೋನ್ ಅನ್ನುವುದೂ ಅದೇ ಎರಡು ಕೋಣೆಯ ಮನೆ, ಆದರೆ ಆಮ್ಲಜನಕ ಸೇರಿಕೊಂಡಿದೆ. ಡಾಕ್ಟರು ‘ಮೈಯಲ್ಲಿ ಬೇರೆ ರೂಪಕ್ಕೆ ತಿರುಗುತ್ತದೆ’ ಅಂದರಲ್ಲ, ಆ ರೂಪಗಳಿಗೆ ಲಾಸೋನ್ ದಾಯಾದಿ. ಅದಕ್ಕೇ ಆ ಕಿಣ್ವ ಕಡಿಮೆ ಇರುವ ಮಕ್ಕಳ ಕೈಕಾಲಿಗೆಲ್ಲ ಮದರಂಗಿ ಮೆತ್ತಬಾರದು ಅನ್ನುವುದು. ನಮಗೆ ಒಂದು ಗಿಡದ್ದು, ಇನ್ನೊಂದು ಕಲ್ಲಿದ್ದಲಿನದ್ದು. ರಕ್ತಕಣಕ್ಕೆ ಆ ವ್ಯತ್ಯಾಸ ಗೊತ್ತಿಲ್ಲ.

ಕೋಕ್_ಒಲೆ_ನಿವೃತ್ತ

ಮೂವತ್ತು ವರ್ಷ ಉಕ್ಕಿನ ಕಾರ್ಖಾನೆಯ ಕೋಕ್ ಒಲೆ ವಿಭಾಗದಲ್ಲಿ, ಅಂದರೆ ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸುವ ಕಡೆ ಇದ್ದವನು ನಾನು. ನೀವು ಟ್ರಂಕಿನಲ್ಲಿ ನೋಡುವ ಗುಳಿಗೆಯನ್ನು ನಾವು ಪೈಪಿನಲ್ಲಿ ನೋಡಿದ್ದೇವೆ. ಕೋಕ್ ಒಲೆಯ ಗ್ಯಾಸಿನಲ್ಲಿ ನಾಫ್ತಲಿನ್ ಆವಿ ಇರುತ್ತದೆ. ಚಳಿಗಾಲದ ರಾತ್ರಿ ಪೈಪು ತಣ್ಣಗಾದರೆ ಅದು ಒಳಗಡೆ ಬಿಳಿ ಪದರವಾಗಿ ಕಟ್ಟುತ್ತದೆ, ಹಿಮ ಬಿದ್ದ ಹಾಗೆ, ಹಪ್ಪಳದ ಹಾಗೆ ಚಕ್ಕೆ ಚಕ್ಕೆ. ದಿನ ಕಳೆದಂತೆ ದಪ್ಪವಾಗಿ ಗ್ಯಾಸಿನ ದಾರಿಯನ್ನೇ ಮುಚ್ಚುತ್ತದೆ. ಆಗ ಸ್ಟೀಮ್ ಹೊಡೆದು ಬಿಡಿಸಬೇಕು. ಆ ಪಾಳಿ ಮುಗಿಸಿ ಮನೆಗೆ ಹೋದರೆ ನಮ್ಮ ಮನೆಯವಳು ಬಾಗಿಲಲ್ಲೇ ನಿಲ್ಲಿಸಿ ಶರ್ಟು ಬಿಚ್ಚಿಸುತ್ತಿದ್ದಳು, ‘ಬೀರು ಬಂತು’ ಅಂತ ತಮಾಷೆ ಮಾಡಿಕೊಂಡು.

ನಮಗೆ ಹೇಳಿಕೊಟ್ಟಿದ್ದು ಎರಡು ವಿಷಯ. ಒಂದು, ಎಂಟು ಗಂಟೆ ಕೆಲಸ ಮಾಡುವ ಜಾಗದ ಗಾಳಿಯಲ್ಲಿ 10 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲು, ದಾಟಬಾರದು. ಎರಡು, ಬೆಂಕಿ. ನುಸಿ ಗುಳಿಗೆ ಉರಿಯುವ ವಸ್ತು ಅಂತ ಮನೆಯಲ್ಲಿ ಯಾರೂ ಯೋಚಿಸುವುದಿಲ್ಲ. 80 ಡಿಗ್ರಿ ಹತ್ತಿರ ಬಂದರೆ ಅದರ ಆವಿಗೆ ಕಿಡಿ ತಾಗಿದರೆ ಸಾಕು. ಉರಿದರೆ ಕರೀ ಮಸಿಯ ಹೊಗೆ. ದೇವರ ಮನೆಯಲ್ಲಿ ಕರ್ಪೂರದ ಪಕ್ಕ ಇದನ್ನು ಇಡುವವರನ್ನು ನೋಡಿದ್ದೇನೆ, ಎರಡೂ ಬಿಳಿ, ಯಾವತ್ತೋ ಒಂದು ದಿನ ಅದಲುಬದಲಾಗುತ್ತದೆ.

ಬೆಳಗಾವಿ_ಕುಂದಾ

ಸರ್, 10 ಪಿಪಿಎಂ ಅಂದರೆ ಕಾರ್ಖಾನೆಯವರೇ ಅಷ್ಟು ಪರವಾಗಿಲ್ಲ ಅಂದ ಹಾಗಾಯಿತು. ಮನೆಯಲ್ಲಿ ಅಷ್ಟು ಇರುತ್ತದಾ?

ಕೋಕ್_ಒಲೆ_ನಿವೃತ್ತ

ಇರಲಿಕ್ಕಿಲ್ಲ ತಮ್ಮಾ. ಮನುಷ್ಯನ ಮೂಗು 0.08 ಪಿಪಿಎಂ ಆಸುಪಾಸಿನಲ್ಲೇ ಹಿಡಿದುಬಿಡುತ್ತದೆ, ಹಾಗಾಗಿ ವಾಸನೆ ಬಂದ ಮಾತ್ರಕ್ಕೆ ಆ ಗೆರೆ ದಾಟಿತು ಅಂತಲ್ಲ. ಆದರೆ ಆ ಗೆರೆ ಎಳೆದದ್ದು ನನ್ನಂಥ ಗಟ್ಟಿ ಗಂಡಸಿಗೆ, ಎಂಟು ಗಂಟೆಗೆ, ಆಮೇಲೆ ಹೊರಗಿನ ಗಾಳಿ ಕುಡಿದು ಮನೆಗೆ ಹೋಗುವವನಿಗೆ. ಮೂರು ಕೆಜಿ ಕೂಸು ಇಪ್ಪತ್ನಾಲ್ಕು ಗಂಟೆ ಅದೇ ಬಟ್ಟೆಯಲ್ಲಿ ಮೂಗು ಹುದುಗಿಸಿ ಮಲಗಿರುತ್ತದೆ. ಬಾಣಂತಿ ಕೋಣೆಗೆ ಗಾಳಿಯೂ ಆಡದ ಹಾಗೆ ಕಿಟಕಿ ಮುಚ್ಚಿರುತ್ತೀರಿ. ನನ್ನ ಲೆಕ್ಕವನ್ನು ಅದಕ್ಕೆ ಹಾಕಬೇಡಿ.

ಬೀರು_ಬೀಗ

ಗಂಭೀರ ಚರ್ಚೆಯ ನಡುವೆ ಕ್ಷಮೆ ಇರಲಿ. ನಮ್ಮ ಸೋದರಮಾವ ಹಳೇ ಸ್ಕೂಟರಿನ ಪೆಟ್ರೋಲ್ ಟ್ಯಾಂಕಿಗೆ ನುಸಿ ಗುಳಿಗೆ ಹಾಕುತ್ತಿದ್ದರು, ಮೈಲೇಜ್ ಬರುತ್ತೆ ಅಂತ. ಅದೇ ಮಾವ ತೋಟದ ಮನೆ ಸುತ್ತ ಹಾವು ಬರದಿರಲಿ ಅಂತ ಕೆಜಿಗಟ್ಟಲೆ ಚೆಲ್ಲುತ್ತಿದ್ದರು. ಎರಡೂ ನಿಜವಾ ಸುಳ್ಳಾ?

ರಸಾಯನ_ಮೇಷ್ಟ್ರು

ನಿಮ್ಮ ಮಾವ ನಮ್ಮೂರಲ್ಲೂ ಇದ್ದರು ಅನ್ನಿಸುತ್ತದೆ. ಪೆಟ್ರೋಲಿನಲ್ಲಿ ನಾಫ್ತಲಿನ್ ಕರಗುತ್ತದೆ, ಉರಿಯುತ್ತದೆ, ಅಷ್ಟು ನಿಜ. ಆದರೆ ಮೈಲೇಜ್ ಬರುವುದಿಲ್ಲ. ಪೆಟ್ರೋಲ್ ಆವಿಯಾಗಿ ಹೋದ ಜಾಗದಲ್ಲಿ ಇದು ಮತ್ತೆ ಹರಳುಗಟ್ಟಿ ಕಾರ್ಬುರೇಟರಿನ ಸಣ್ಣ ತೂತಿನಲ್ಲಿ ಕೂರಬಹುದು, ಈಗ ತಾನೇ ಕೋಕ್ ಒಲೆಯವರು ಪೈಪಿನ ಕಥೆ ಹೇಳಿದರಲ್ಲ, ಹಾಗೆ. ಉಳಿದದ್ದು ಪ್ಲಗ್ಗಿನ ಮೇಲೆ ಮಸಿ.

ಹಾವಿನದು ಪೂರ್ತಿ ಸುಳ್ಳು. ಪರೀಕ್ಷೆ ಮಾಡಿದವರು ಹಾವು ಅದರ ಪಕ್ಕದಲ್ಲೇ ಹಾದುಹೋಗುವುದನ್ನು ನೋಡಿದ್ದಾರೆ. ಇದು ಕೆಲಸ ಮಾಡುವುದೇ ಮುಚ್ಚಿದ ಪೆಟ್ಟಿಗೆಯಲ್ಲಿ, ಆವಿ ಗಟ್ಟಿಯಾಗಿ ತುಂಬಿ ಹುಳದ ಮರಿ ಸಾಯುವಷ್ಟಾದಾಗ. ಬಯಲಿನಲ್ಲಿ ಚೆಲ್ಲಿದರೆ ಗಾಳಿ ಪಾಲು. ನಾಯಿಮರಿಗೋ, ಅಂಬೆಗಾಲಿಡುವ ಮಗುವಿಗೋ ಸಿಗುತ್ತದೆ, ಹಾವಿಗೆ ಮಾತ್ರ ಏನೂ ಆಗುವುದಿಲ್ಲ.

ಮಲ್ನಾಡ್_ಮಳೆ

ನಮ್ಮಲ್ಲಿ ಜೂನ್‌ನಿಂದ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ. ಅದಕ್ಕೂ ಇದನ್ನೇ ಹಾಕುತ್ತಿದ್ದೆವು. ವಾಸನೆಯೂ ಬರುತ್ತದೆ, ಬೂಸ್ಟೂ ಬರುತ್ತದೆ. ಗುಳಿಗೆ ತೇವ ಹೀರುವುದಿಲ್ಲ ಅಂತ ಅರ್ಥ ಆಗಲು ನನಗೆ ಹತ್ತು ಮಳೆಗಾಲ ಬೇಕಾಯಿತು.

ಕಾಂಕ್ರೀಟ್_ಕನಸು

ಚರ್ಚೆಗೆ ಸಂಬಂಧ ಇಲ್ಲದ ಒಂದು ಮಾತು. ನಾಫ್ತಲಿನ್ ಬೀರುವಿನಲ್ಲಿ ಮಾತ್ರ ಇಲ್ಲ, ನಿಮ್ಮ ಮನೆಯ ತಾರಸಿಯಲ್ಲೂ ಇರಬಹುದು. ಕಾಂಕ್ರೀಟು ಕಡಿಮೆ ನೀರಿನಲ್ಲಿ ಚೆನ್ನಾಗಿ ಹರಿಯಲಿ ಅಂತ ಹಾಕುವ ದ್ರವ ಒಂದಿದೆ, ನಾಫ್ತಲಿನ್‌ನಿಂದ ಮಾಡಿದ್ದು, ಸೈಟಿನಲ್ಲಿ ಎಸ್‌ಎನ್‌ಎಫ್ ಅಂತಾರೆ. ಹೆದರಬೇಡಿ, ಅಲ್ಲಿ ಅದು ಬೇರೆಯೇ ಪದಾರ್ಥವಾಗಿ ಬದಲಾಗಿರುತ್ತದೆ, ಆವಿಯಾಗುವುದಿಲ್ಲ. ನಮ್ಮ ತಂದೆ ಡೈರಿಗೆ ಹಾಲು ಹಾಕುವವರು, ಅಲ್ಲಿ ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ. ಎಸ್‌ಎನ್‌ಎಫ್ ಎಷ್ಟಿದೆ ಅಂತ ನಾನು ಫೋನಿನಲ್ಲಿ ಮಾತಾಡುವುದು ಕೇಳಿ, ಮಗ ಇಂಜಿನಿಯರ್ ಕೆಲಸ ಬಿಟ್ಟು ಹಾಲಿನ ವ್ಯಾಪಾರ ಶುರು ಮಾಡಿದ ಅಂದುಕೊಂಡಿದ್ದರು.

ಹಾಸನ_ಅರಳಿಕಟ್ಟೆ

ನಮ್ಮ ಮನೆಯಲ್ಲಿರುವ ಪ್ಯಾಕೆಟ್ಟಿನ ಮೇಲೆ ನಾಫ್ತಲಿನ್ ಅಂತ ಬರೆದೇ ಇಲ್ಲ. ಬಣ್ಣಬಣ್ಣದ ಬಿಲ್ಲೆ, ಹೂವಿನ ವಾಸನೆ. ಹಾಗಾದರೆ ನಮ್ಮದು ಸೇಫ್ ಅಲ್ವಾ?

ರಸಾಯನ_ಮೇಷ್ಟ್ರು

ಹಾಗೆ ಹೇಳಲು ಬರುವುದಿಲ್ಲ. ಅದು ಪ್ಯಾರಾಡೈಕ್ಲೋರೋಬೆಂಜೀನ್ ಅನ್ನುವ, ನುಸಿ ಗುಳಿಗೆಗೆ ಬಳಸುವ ಇನ್ನೊಂದು ರಾಸಾಯನಿಕ ಇರಬಹುದು, ಬಾತ್‌ರೂಮಿನ ಬಿಲ್ಲೆಗಳಲ್ಲಿ ಅದು ಜಾಸ್ತಿ. ಮನೆಯಲ್ಲೇ ಗೊತ್ತು ಮಾಡಿಕೊಳ್ಳಬಹುದು. ಎಸೆಯುವ ಒಂದು ಪ್ಲಾಸ್ಟಿಕ್ ಲೋಟ ತೆಗೆದುಕೊಳ್ಳಿ, ಅಡುಗೆಮನೆಯದು ಬೇಡ. ಬರೀ ನೀರಿಗೆ ಹಾಕಿದರೆ ತೇಲುವುದು ಕರ್ಪೂರ, ಉಳಿದೆರಡೂ ಮುಳುಗುತ್ತವೆ. ಆಮೇಲೆ ಇನ್ನು ಕರಗುವುದಿಲ್ಲ ಅನ್ನುವ ತನಕ ನೀರಿಗೆ ಉಪ್ಪು ಹಾಕಿ ಕದಡಿ. ಆ ಉಪ್ಪುನೀರಿನಲ್ಲಿ ನಾಫ್ತಲಿನ್ ಮೇಲೆ ಬರುತ್ತದೆ, ಇನ್ನೊಂದು ತಳದಲ್ಲೇ ಕೂರುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ತೇಲಿಸಿ ತೋರಿಸುತ್ತೇವಲ್ಲ, ಅದೇ ಆಟ.

ಆದರೆ ಕೆಳಗೆ ಕೂತದ್ದು ಒಳ್ಳೆಯದು ಅಂತ ತೀರ್ಮಾನ ಮಾಡಬೇಡಿ. ಕ್ಯಾನ್ಸರ್ ತರಬಹುದಾದ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎರಡೂ ಒಂದೇ ಸಾಲಿನಲ್ಲಿವೆ, 2ಬಿ. ನಾಫ್ತಲಿನ್ 2002ರಲ್ಲಿ ಸೇರಿತು. 2ಬಿ ಅಂದರೆ ಪ್ರಾಣಿಗಳಲ್ಲಿ ಕಂಡಿದೆ, ಮನುಷ್ಯರಲ್ಲಿ ಸಾಕ್ಷಿ ಸಾಲದು ಅನ್ನುವ ಗುಂಪು. ಅಜ್ಜಿಯ ಸೀರೆ ಮೂಸಿದವರಿಗೆಲ್ಲ ಕ್ಯಾನ್ಸರ್ ಅಂತ ವಾಟ್ಸಾಪಿನಲ್ಲಿ ಹಾಕಬೇಡಿ ದಯವಿಟ್ಟು.

ಬರ್ಲಿನ್_ಬಿಸಿಬೇಳೆ

ಇಲ್ಲಿ ಯುರೋಪಿನಲ್ಲಿ 2008ರಿಂದ ನಾಫ್ತಲಿನ್ ಗುಳಿಗೆ ಮಾರುವಂತಿಲ್ಲ. ಅಂಗಡಿಯಲ್ಲಿ ದೇವದಾರು ಮರದ ಉಂಡೆ, ಲ್ಯಾವೆಂಡರ್ ಚೀಲ ಸಿಗುತ್ತದೆ. ಹೋದ ಸಲ ಊರಿಂದ ಅಮ್ಮ ಕೊಟ್ಟ ರೇಷ್ಮೆ ಸೀರೆ ಸೂಟ್‌ಕೇಸಿನಿಂದ ತೆಗೆದಾಗ ಪಕ್ಕದ ಮನೆಯ ಜರ್ಮನ್ ಅಜ್ಜಿ ಬಾಗಿಲಲ್ಲೇ ನಿಂತು ಕಣ್ಣು ತುಂಬಿಕೊಂಡರು. ಅವರ ತಾಯಿಯ ಬೀರುವಿನ ವಾಸನೆಯಂತೆ. ಕುಂದಾ ಅವರೇ, ನಿಮ್ಮ ಹಾಗೆ ಅವರಿಗೂ ನೆನಪು.

ದಾವಣಗೆರೆ_ಬೆಣ್ಣೆ

ಇಷ್ಟೆಲ್ಲ ಮಾತಾಡಿದಿರಿ, ನುಂಗಿದರೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ನಮ್ಮ ಅಕ್ಕನ ಎರಡು ವರ್ಷದ ಮಗ ಕೈತೊಳೆಯುವ ಬೇಸಿನ್‌ನಲ್ಲಿದ್ದ ಗುಳಿಗೆಯನ್ನು ಪೆಪ್ಪರ್‌ಮೆಂಟ್ ಅಂತ ಬಾಯಿಗೆ ಹಾಕಿಕೊಂಡಿದ್ದ. ಮನೆಯವರೆಲ್ಲ ಓಡಿ ಬಂದು ಒಬ್ಬರು ಹಾಲು ಕುಡಿಸು ಅಂದರು, ಇನ್ನೊಬ್ಬರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸು ಅಂದರು. ಒಂದು ಲೋಟ ಹಾಲು ಕುಡಿಸಿಯೇಬಿಟ್ಟೆವು. ಸಂಜೆ ಆಟ ಆಡುತ್ತಿದ್ದ, ಏನೂ ಆಗಿಲ್ಲ ಅಂತ ಸುಮ್ಮನಾದೆವು. ಮೂರನೇ ದಿನ ಮಗು ಬಿಳಿಚಿಕೊಂಡು ಮಂಕಾಯಿತು. ರಕ್ತ ಕೊಡಬೇಕಾಯಿತು. ಈಗ ಚೆನ್ನಾಗಿದ್ದಾನೆ.

ಮಕ್ಕಳ_ವಾರ್ಡ್

ಮಗು ಉಳಿದದ್ದು ದೊಡ್ಡದು. ನೀವು ಬರೆದದ್ದರಲ್ಲಿ ಮೂರು ಪಾಠ ಇವೆ, ಎಲ್ಲರೂ ಓದಲಿ.

ಹಾಲು ಕೊಡಬೇಡಿ. ವಿಷಕ್ಕೆ ಹಾಲು ಅನ್ನುವುದು ನಮ್ಮಲ್ಲಿ ಮೂಳೆಗೆ ಇಳಿದಿರುವ ನಂಬಿಕೆ, ಆದರೆ ಹಾಲಿನಲ್ಲಿ ಕೊಬ್ಬಿದೆ, ನಾಫ್ತಲಿನ್ ಕೊಬ್ಬಿನ ಜೊತೆ ಬೇಗ ಮೈಗೆ ಇಳಿಯುತ್ತದೆ. ಮೊದಲ ಎರಡು ಮೂರು ಗಂಟೆ ತುಪ್ಪ, ಎಣ್ಣೆಯ ಪದಾರ್ಥವೂ ಬೇಡ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಇನ್ನೂ ಕೆಟ್ಟದ್ದು, ಉಪ್ಪೇ ಮಗುವಿನ ಪ್ರಾಣ ತೆಗೆಯಬಹುದು. ಬಾಯಲ್ಲಿ ಉಳಿದ ಚೂರು ತೆಗೆದು, ಬಾಯಿ ಒರೆಸಿ, ಪ್ಯಾಕೆಟ್ ಅಥವಾ ಇನ್ನೊಂದು ಗುಳಿಗೆಯನ್ನು ಕವರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಹಗಲು ರಾತ್ರಿ ಫೋನ್ ಎತ್ತುತ್ತದೆ, ಉಚಿತ ಸಂಖ್ಯೆ 1800 116 117. ಆಂಬ್ಯುಲೆನ್ಸಿಗೆ 108.

ಮೂರನೆಯದು ಬಹಳ ಜನ ಎಡವುವ ಜಾಗ. ನಾಫ್ತಲಿನ್ ಅದೇ ದಿನ ಮುಖ ತೋರಿಸುವುದಿಲ್ಲ. ಮೊದಲ ದಿನ ಸ್ವಲ್ಪ ಹೊಟ್ಟೆನೋವು, ವಾಂತಿ ಇರಬಹುದು, ಇಲ್ಲದೆಯೂ ಇರಬಹುದು. ರಕ್ತ ಒಡೆಯುವುದು ಒಂದೆರಡು ದಿನ ಬಿಟ್ಟು. ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ, ಮಗು ಬಿಳಿಚಿಕೊಂಡರೆ, ತುಟಿ ನೀಲಿಯಾದರೆ ಕಾಯಬೇಡಿ. ಕೆಲವರಲ್ಲಿ ರಕ್ತ ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗುತ್ತದೆ, ಅದಕ್ಕೆ ಸಾಮಾನ್ಯವಾಗಿ ಕೊಡುವ ಮೆಥಿಲೀನ್ ಬ್ಲೂ ಔಷಧಿ ಜಿ6ಪಿಡಿ ಕಡಿಮೆ ಇದ್ದವರಿಗೆ ತಿರುಗಿ ಹೊಡೆಯುತ್ತದೆ. ಅದಕ್ಕೇ ಏನು ನುಂಗಿತು ಅಂತ ನೀವು ಸರಿಯಾಗಿ ಹೇಳುವುದು ನಮಗೆ ಮುಖ್ಯ. ಕರ್ಪೂರ ನುಂಗಿದ್ದರೆ ಕಥೆಯೇ ಬೇರೆ, ಅದು ದಿನ ಕಾಯುವುದಿಲ್ಲ, ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಿಸುತ್ತದೆ.

ಬೇಸಿನ್‌ನಲ್ಲಿ ಗುಳಿಗೆ ಹಾಕುವುದನ್ನು ನಿಲ್ಲಿಸಿಬಿಡಿ. ಅದು ಏನನ್ನೂ ಶುದ್ಧ ಮಾಡುವುದಿಲ್ಲ, ಒಂದು ವಾಸನೆಯನ್ನು ಇನ್ನೊಂದು ವಾಸನೆಯಿಂದ ಮುಚ್ಚುತ್ತದೆ ಅಷ್ಟೇ.

ಬೀರು_ಬೀಗ

ಸರಿ, ಗುಳಿಗೆ ಬೇಡ. ನನ್ನ ಹೆಂಡತಿಯ ರೇಷ್ಮೆ ಸೀರೆಗಳ ಗತಿ?

ಸೀರೆ_ಸುಮಕ್ಕ

ನಲವತ್ತು ವರ್ಷದ ಮೈಸೂರು ರೇಷ್ಮೆ ನನ್ನ ಹತ್ತಿರ ಇದೆ, ಒಂದು ಗುಳಿಗೆ ಕಂಡಿಲ್ಲ. ಹುಳ ಶುಭ್ರ ಬಟ್ಟೆಗಿಂತ ಬೆವರು, ಪಾಯಸದ ಕಲೆ ಇರುವ ಬಟ್ಟೆಯನ್ನೇ ಜಾಸ್ತಿ ಹುಡುಕಿಕೊಂಡು ಬರುತ್ತದಪ್ಪ. ಉಟ್ಟ ಸೀರೆ ಹಾಗೇ ಮಡಿಸಿ ಒಳಗೆ ಇಡುತ್ತೀರಲ್ಲ, ಮೊದಲು ಅದನ್ನು ಬಿಡಿ. ಒಂದು ದಿನ ನೆರಳಿನಲ್ಲಿ ಗಾಳಿಗೆ ಹಾಕಿ, ಹಳೇ ಬಿಳಿ ಪಂಚೆಯಲ್ಲಿ ಸುತ್ತಿಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲವಾದರೆ ಜರಿ ಮಡಿಕೆಯಲ್ಲೇ ಮುರಿಯುತ್ತದೆ. ಬೀರು ಒರೆಸಿ ಒಣಗಿಸಿ. ಬೇಕಾದರೆ ಲವಂಗ, ಬಜೆ, ಲಾವಂಚದ ಬೇರು ಚೀಲದಲ್ಲಿ ಕಟ್ಟಿಡಿ, ವಾಸನೆಗೆ ಚಂದ. ಆದರೆ ಹುಳ ಬಿದ್ದ ಬಟ್ಟೆಗೆ ಲವಂಗ ಏನೂ ಮಾಡದು, ಅದು ನಿಜ. ಉಣ್ಣೆಯದಾದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿ ಇಡುತ್ತೇನೆ. ಮೊದಲ ಸಲ ನಮ್ಮ ಯಜಮಾನರು ಐಸ್‌ಕ್ರೀಮ್ ಅಂತ ಸ್ವೆಟರು ತೆಗೆದರು.

ಬೆಳಗಾವಿ_ಕುಂದಾ

ಮೊದಲು ‘ಸುಮ್ನೆ ಹೆದರಬೇಡಿ’ ಅಂದವನು ನಾನೇ. ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ವಾಸನೆ ಮಾತ್ರ ಈಗಲೂ ಇಷ್ಟ, ಅದಕ್ಕೆ ಏನೂ ಮಾಡಲು ಆಗಲ್ಲ. ಮನೆಯಲ್ಲಿ ಅರ್ಧ ಪ್ಯಾಕೆಟ್ ಇದೆ, ಎಲ್ಲಿ ಎಸೆಯಲಿ?

ಕೋಕ್_ಒಲೆ_ನಿವೃತ್ತ

ಸಿಂಕಿಗೆ ಬೇಡ, ಬಾವಿ ಹತ್ತಿರ ಬೇಡ, ಒಲೆಗಂತೂ ಬೇಡವೇ ಬೇಡ. ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಪೇಂಟ್ ಡಬ್ಬಿ, ಟ್ಯೂಬ್‌ಲೈಟ್, ಬ್ಯಾಟರಿ ಹಾಕುವ ಅಪಾಯದ ಕಸದ ಜೊತೆ ಬೇರೆಯಾಗಿ ಕೊಡು.

ತಿಪಟೂರು_ಕೊಬ್ಬರಿ

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಅಣ್ಣ ಬಂದು ಟ್ರಂಕನ್ನು ಹಿತ್ತಲಿಗೆ ಹಾಕಿದ. ಅಮ್ಮ ಅವರೇ ಪೇಟೆಗೆ ಹೋಗಿ ಮಲ್ ಬಟ್ಟೆ ತಂದು ಒಗೆದು ಒಗೆದು ಮೆತ್ತಗೆ ಮಾಡಿದ್ದಾರೆ. ಸೀರೆಗಳು ತೆಂಗಿನ ಮರದ ನಡುವಿನ ತಂತಿಯ ಮೇಲಿವೆ. ಎಲ್ಲ ಬಿಟ್ಟರೂ ನನ್ನ ಕುಲಾವಿ ಒಂದನ್ನು ಬಿಡಲು ಮನಸ್ಸಾಗಲಿಲ್ಲ, ಅದನ್ನೂ ದಿನಾ ಬಿಸಿಲಿಗೆ ಹಾಕುತ್ತಿದ್ದೆ. ಇವತ್ತು ಅಮ್ಮ ಮೂಸಿ ‘ಏನೂ ಇಲ್ಲ’ ಅಂದರು. ನನಗೆ ಇದೆ ಅನ್ನಿಸಿತು, ಆಮೇಲೆ ಇಲ್ಲ ಅನ್ನಿಸಿತು.

ರಸಾಯನ_ಮೇಷ್ಟ್ರು

ನಿಮ್ಮಿಬ್ಬರ ಮೂಗನ್ನೂ ನಂಬಬೇಡಿ. ಅದಕ್ಕೆ ರೂಢಿಯಾಗಿಬಿಟ್ಟಿರುತ್ತದೆ. ಹೊರಗಿನವರಿಗೆ ಕೊಟ್ಟು ಕೇಳಿ.

ತಿಪಟೂರು_ಕೊಬ್ಬರಿ

ಹಾಲು ಹಾಕುವ ಹುಡುಗನಿಗೆ ಕೊಟ್ಟೆವು. ಮೂಗಿನ ಹತ್ತಿರ ತಂದವನೇ ‘ಏನಕ್ಕಾ, ಬೀರು ವಾಸನೆ’ ಅಂದ. ಕುಲಾವಿಯ ಫೋಟೋ ತೆಗೆದಿಟ್ಟುಕೊಂಡೆ. ಅಮ್ಮ ಹೊಸದಕ್ಕೆ ಉಣ್ಣೆ ಉಂಡೆ ತಂದು ಹೆಣೆಯುತ್ತಾ ಕೂತಿದ್ದಾರೆ.